ಬೀಗದಣ್ಣನ ಹೌದು

ಬೀಗದಣ್ಣ ಎಷ್ಟು ಸಲ ರಕ್ಷಣೆ ಹೊಂದಿದ್ದಾನೆ ಎಂದು ಯಾರಾದರೂ ಕೇಳಿದರೆ ಅವನ ಹೆಂಡತಿ ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತದೆಯೇ, "ಈ ವರ್ಷದ್ದು ಹೇಳ್ಲೋ, ಒಟ್ಟು ಹೇಳ್ಲೋ?" ಎನ್ನುತ್ತಿದ್ದಳು. ಮಾತಿನಲ್ಲಿ ಕುಚೋದ್ಯವಿದ್ದರೂ ಸುಳ್ಳಿರಲಿಲ್ಲ. ಅವರು ಹೋಗುತ್ತಿದ್ದ ಕ್ರೈಸ್ತ ಸಭೆಯಲ್ಲಿ ಬೋಧನೆ ಮುಗಿದ ಮೇಲೆ ಪಾಸ್ಟರು ಎರಡೂ ಕೈ ಚಾಚಿ, ಯೇಸುವಿಗೆ ತಮ್ಮನ್ನು ಒಪ್ಪಿಸಿಕೊಟ್ಟು ಪಾಪದಿಂದ ರಕ್ಷಣೆ ಹೊಂದಲು ಮನಸ್ಸಿರುವವರು ಮುಂದೆ ಬನ್ನಿ ಎಂದು ಕರೆಯುತ್ತಿದ್ದರು. ಕರೆ ಹೊಸಬರಿಗೆ. ಒಂದು ಸಲ ಮುಂದೆ ಹೋಗಿ ಮಂಡಿಯೂರಿ ಬಂದವರು ಆಮೇಲೆ ತಮ್ಮ ಜಾಗದಲ್ಲೇ ಕೂತು ಬೇರೆಯವರಿಗಾಗಿ ಪ್ರಾರ್ಥಿಸಬೇಕು, ಅಷ್ಟೆ. ಬೀಗದಣ್ಣ ಮೊದಲ ಸಲ ಮುಂದೆ ಹೋದದ್ದು ಮೀಸೆ ಚಿಗುರುವ ವಯಸ್ಸಿನಲ್ಲಿ. ಈಗ ಮೀಸೆ ನರೆತಿದ್ದರೂ ಹೋಗುವುದನ್ನು ನಿಲ್ಲಿಸಿರಲಿಲ್ಲ. ಯಾರಾದರೂ ಹೊಸಬರು ಕಣ್ಣೊರೆಸಿಕೊಳ್ಳುತ್ತಾ ಬಂದರೆ, ಅಲ್ಲಿ ಆಗಲೇ ಮಂಡಿಯೂರಿದ್ದ ಬೀಗದಣ್ಣ ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಿದ್ದ.

ನೀರಿನಲ್ಲಿ ಮುಳುಗಿಸಿ ಜೀವಮಾನಕ್ಕೆ ಒಂದೇ ಸಲ ಕೊಡುವ ದೀಕ್ಷಾಸ್ನಾನವೂ ಅವನಿಗೆ ಎರಡು ಸಲ ಆಗಿತ್ತು. ಮೊದಲ ಸಲ ನೀರು ಎಷ್ಟು ತಣ್ಣಗಿತ್ತೆಂದರೆ, ಮುಳುಗುವಾಗ ತಾನು ನೆನೆದದ್ದು ದೇವರನ್ನೋ ಟವೆಲನ್ನೋ ಎಂಬ ಅನುಮಾನ ಅವನನ್ನು ಬಹಳ ವರ್ಷ ಕಾಡಿತು. ಕೊನೆಗೆ ಬೇರೆ ಊರಿನ ಸಭೆಯೊಂದರಲ್ಲಿ ಯಾರಿಗೂ ಹೇಳದೆ ಇನ್ನೊಮ್ಮೆ ಮುಳುಗಿ ಬಂದ. ಅದರ ಮೇಲೂ ಅನುಮಾನ ಬಂದು ಮೂರನೆಯದನ್ನು ಕೇಳಲು ಹೋದಾಗ ಪಾಸ್ಟರು, "ಅಣ್ಣಾ, ಇನ್ನೊಂದು ಸಲ ಅಂದ್ರೆ ಅದು ದೀಕ್ಷಾಸ್ನಾನ ಅಲ್ಲ, ಬರೀ ಸ್ನಾನ. ಅದನ್ನ ಮನೇಲೇ ಮಾಡ್ಕೊಳಿ" ಎಂದು ಕಳುಹಿಸಿದ್ದರು.

ಇದಕ್ಕೆಲ್ಲ ಅವನ ಕಸುಬೂ ಸ್ವಲ್ಪ ಕಾರಣವೆನ್ನಬೇಕು. ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ, ದೊಡ್ಡ ಬೀರುವಿನಷ್ಟೇ ಅಗಲದ ಅಂಗಡಿ ಅವನದು. ಹಿಂದಿನ ಗೋಡೆಯ ತುಂಬ ಮೊಳೆಗಳಿಗೆ ತೂಗುಬಿದ್ದ ಕೀಲಿಕೈಗಳು, ಮುಂದೆ ಕೀಲಿಕೈ ಕೊರೆಯುವ ಮೆಷಿನ್ನು, ಅದರ ಹಿಂದೆ ಹುಬ್ಬಿನ ಮೇಲೆ ಹಿತ್ತಾಳೆಯ ಪುಡಿ ಹೊತ್ತ ಬೀಗದಣ್ಣ. ಗಿರಾಕಿಗಳಿಗೆ ಅವನು ಹೇಳುತ್ತಿದ್ದ ಬುದ್ಧಿಮಾತು ಒಂದೇ: "ಎಳೆದು ನೋಡ್ದೆ ಬೀಗ ಹಾಕಿದೀನಿ ಅನ್ಬೇಡಿ." ತಾನೂ ಹಾಗೇ. ಅಂಗಡಿ ಮುಚ್ಚಿ ಬೀಗ ಎಳೆದು ನೋಡುವುದು, ಮೇಲಿನ ಮನೆಗೆ ಹೋಗುವ ಮೆಟ್ಟಿಲನ್ನು ಅರ್ಧ ಹತ್ತಿ ಮತ್ತೆ ಇಳಿದು ಬಂದು ಎಳೆದು ನೋಡುವುದು. ಹೀಗೇ ಒಂದು ದಿನ ಚಿಲಕವೇ ಕಿತ್ತು ಕೈಗೆ ಬಂತು. ಕಳ್ಳನಲ್ಲ, ಕಾಕನಲ್ಲ, ಬೀಗ ರಿಪೇರಿ ಮಾಡುವವನೇ ತನ್ನ ಬೀಗವನ್ನು ಎಳೆದೆಳೆದು ಕಿತ್ತಿದ್ದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತು ಎಂದು ಬೀದಿಯವರು ವಾರಗಟ್ಟಲೆ ನಕ್ಕರು. ತನ್ನ ಆತ್ಮದ ವಿಷಯದಲ್ಲೂ ಅವನು ಮಾಡುತ್ತಿದ್ದುದು ಇದನ್ನೇ.

ಎಳೆದು ನೋಡಿದಾಗಲೆಲ್ಲ ಸಡಿಲವಾಗಿ ಸಿಗುತ್ತಿದ್ದುದು ತನ್ನ ಬಾಯಿ. ಕೋಪ ಅವನಿಗೆ ಮೂಗಿನ ತುದಿಯಲ್ಲೇ. ಬಿಗಿಯಾದ ಬೀಗಕ್ಕೆ ಅಡುಗೆ ಎಣ್ಣೆ ಸುರಿದು ತಂದವರಿಗೆ, "ಏನ್ರೀ, ಹುರಿದು ತಿನ್ನೋ ಯೋಚನೆ ಇತ್ತಾ?" ಎಂದು ಶುರು ಮಾಡಿದರೆ ಅವರ ಮನೆ ಅಡುಗೆಯವರೆಗೂ ಹೋಗಿಯೇ ನಿಲ್ಲುತ್ತಿದ್ದ. ಸಂಜೆಯಾಗುವಷ್ಟರಲ್ಲಿ ಕೋಪ ಇಳಿಯುತ್ತಿತ್ತು, ಅದು ಖಾಲಿ ಮಾಡಿದ ಜಾಗಕ್ಕೆ ಭಯ ಬಂದು ಕೂರುತ್ತಿತ್ತು. ರಕ್ಷಣೆ ಹೊಂದಿದವನು ಹೀಗೆ ಬೈಯುತ್ತಾನೆಯೇ? ನಾನು ನಿಜವಾಗಿ ಕ್ರಿಸ್ತನವನಾಗಿದ್ದರೆ ಈ ಬಾಯಿ ಇಷ್ಟು ಹೊತ್ತಿಗೆ ನೆಟ್ಟಗಾಗಬೇಡವೇ? ಹಾಗಾದರೆ ಆವತ್ತು ನಾನು ಮಾಡಿದ ಪ್ರಾರ್ಥನೆ ಮುಟ್ಟಿಯೇ ಇಲ್ಲವೇನೋ. ಮುಂದಿನ ಭಾನುವಾರ ಮತ್ತೆ ಮಂಡಿ.

"ನಮಗೆ ಮದುವೆ ಆಗಿದ್ಯಾ ಅಂತ ದಿನಾ ಬೆಳಗ್ಗೆ ಎದ್ದು ನನ್ನ ಕೇಳ್ತೀರಾ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಪರದೆ ಹೊಲಿಯುವುದು ಆಕೆಯ ಕೆಲಸ. ಹದಿನಾರನೆಯ ವಯಸ್ಸಿನಲ್ಲಿ ಒಂದೇ ಸಲ ಯೇಸುವನ್ನು ನಂಬಿ, ಆಮೇಲೆ ಆ ವಿಷಯ ಮುಗಿಯಿತೆಂದು ಸೂಜಿಗೆ ದಾರ ಪೋಣಿಸಿದವಳು.

"ಅದು ಬೇರೆ ಕಣೇ. ನೀನು ಕಣ್ಮುಂದೆ ಇದೀಯ."

"ಇದೀನಿ. ಜಗಳ ಆಡಿದ ದಿನಾನೂ ಇದೀನಿ, ನೆನಪಿಟ್ಕೊಳಿ" ಎಂದು ಆಕೆ ಮೆಷಿನ್ನು ತುಳಿದಳು. ಮಾತು ಅವನ ಕಿವಿಯವರೆಗೆ ಬಂದು ಅಲ್ಲೇ ನಿಂತಿತು.

ಹೀಗಿರುವಾಗ ಮಗಳು ಒಂದು ಸಂಜೆ, ತಟ್ಟೆಯ ಮುಂದೆ ಕೂತು, ತಾನು ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಎಂದಳು. ಮನೆಯಲ್ಲಿ ಅವಳು ಇನ್ನೂ ಪುಟ್ಟಿಯೇ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮೇಜಿನ ಹಿಂದೆ ಕೂತು ರೋಗಿಗಳನ್ನು ಗದರಿಸಿ ಸಾಲಾಗಿ ಕೂರಿಸುವಷ್ಟು ದೊಡ್ಡವಳಾಗಿದ್ದರೂ. ಅವಳು ಅವರ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಎಂಟು ವರ್ಷದವಳಿದ್ದಾಗ ಅನಾಥಾಲಯದಿಂದ ಕರೆತಂದು ಸಾಕಿದವಳು. ಬೀಗದಣ್ಣ ಸಂತೋಷಕ್ಕೆ ಎದ್ದು ನಿಂತು, ಏಕೆ ಎದ್ದೆನೆಂದು ತಿಳಿಯದೆ ಮತ್ತೆ ಕೂತ.

"ಅಪ್ಪ, ನನ್ನ ಜೊತೆ ನೀವೇ ನಿಲ್ಬೇಕು" ಎಂದಳು ಪುಟ್ಟಿ.

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ದೀಕ್ಷಾಸ್ನಾನಕ್ಕೆ ಬರುವವರನ್ನು ಮನೆಯವರೊಬ್ಬರು ಕೈಹಿಡಿದು ನೀರಿನವರೆಗೆ ಕರೆತರಬೇಕು. ನೀರಿಗೆ ಇಳಿಯುವ ಮುಂಚೆ ಪಾಸ್ಟರು ಕರೆತಂದವರನ್ನೇ ಎಲ್ಲರೆದುರು ಒಂದು ಪ್ರಶ್ನೆ ಕೇಳುತ್ತಾರೆ: "ನೀನು ಕ್ರಿಸ್ತನವನು, ನಿನಗೆ ರಕ್ಷಣೆ ಆಗಿದೆ ಎಂದು ನಿನಗೆ ಗೊತ್ತೋ?" ಉತ್ತರ ಒಂದೇ ಪದದಲ್ಲಿ ಇರಬೇಕು. ದೇವರ ಚಿತ್ತವಿದ್ದರೆ, ನಂಬಿದ್ದೇನೆ ಅಂದುಕೊಂಡಿದ್ದೇನೆ, ಹಾಗೇ ಆಗಲಿ ಎಂದು ಆಸೆ, ಇಂಥ ಅಡ್ಡಗೋಡೆಯ ಮೇಲಿನ ದೀಪಗಳು ಅಲ್ಲಿ ನಡೆಯುವುದಿಲ್ಲ. ಹೌದು ಅನ್ನಬೇಕು, ಇಲ್ಲವೇ ಕೈಬಿಟ್ಟು ಪಕ್ಕಕ್ಕೆ ಸರಿಯಬೇಕು. ಬೇರೆಯವರಿಗೆ ಅದು ಉಸಿರು ಬಿಟ್ಟಷ್ಟೇ ಸುಲಭ. ಬೀಗದಣ್ಣ ಕೋಪಿಷ್ಠನಾದರೂ ಸುಳ್ಳುಗಾರನಲ್ಲ. ದೇವರ ಮನೆಯಲ್ಲಿ, ಮಗಳ ಕೈ ಹಿಡಿದುಕೊಂಡು, ಗೊತ್ತಿಲ್ಲದ್ದನ್ನು ಗೊತ್ತು ಎನ್ನುವುದು ಹೇಗೆ? ಅನ್ನದೆ ಅವಳ ಕೈ ಬಿಡುವುದಾದರೂ ಹೇಗೆ?

ವಾರದ ನಡುವೆ ಅವನು ಪಾಸ್ಟರ ಮನೆಗೆ ಹೋದ. ಪಾಸ್ಟರು ಅವನಿಗಿಂತ ಚಿಕ್ಕವರು, ಆಗ ತಾನೆ ಸೈಕಲ್ಲಿನ ಚೈನು ಹಾಕಲು ಹೋಗಿ ಕೈಯೆಲ್ಲ ಕಪ್ಪು ಮಾಡಿಕೊಂಡಿದ್ದರು.

"ಅಯ್ಯನವರೇ, ಆ ಪ್ರಶ್ನೇನ ಸ್ವಲ್ಪ ಸಡಿಲ ಮಾಡೋಕಾಗುತ್ತಾ?"

"ಯಾಕಣ್ಣಾ, ನಿಮಗೆ ಗೊತ್ತಿಲ್ವಾ? ನಾವು ಒಳ್ಳೆಯವರಾಗಿದ್ದಕ್ಕೆ ರಕ್ಷಣೆ ಸಿಕ್ಕಿದ್ದಲ್ಲ. ಕರ್ತನು ಶಿಲುಬೆ ಮೇಲೆ ಎಲ್ಲ ತೀರಿಸಿದ. ನಾವು ಕೈಯೊಡ್ಡಿದ್ದು ಅಷ್ಟೇ."

"ಅದೆಲ್ಲ ಬಾಯಿಪಾಠ ಬರುತ್ತೆ ಅಯ್ಯನವರೇ. ಬೇರೆಯವರಿಗೆ ಹೇಳು ಅಂದ್ರೆ ನಿಮಗಿಂತ ಚೆನ್ನಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ವಿಷ್ಯಕ್ಕೆ ಬಂದ್ರೆ ಮಾತ್ರ..." ಅವನು ತಲೆ ಕೆರೆದುಕೊಂಡ. "ಆ ಮಗು ಮನೆಗೆ ಬಂದ ವರ್ಷ ಒಂದು ಕೀ ಕಳ್ಕೊಂಡ್ತು ಅಂತ ಬೀದಿಗೆಲ್ಲ ಕೇಳೋ ಹಾಗೆ ಬೈದೋನು ನಾನು. ತಂದೆ ತಾಯಿ ಇಲ್ಲದ ಮಗೂಗೆ! ಅವತ್ತಿಂದ ಇವತ್ತಿನವರೆಗೂ ಪ್ರತಿ ಸಲ ಮುಂದೆ ಬಂದಾಗ ಅದನ್ನ ಹೇಳ್ಕೊಂಡಿದೀನಿ. ಮನಸ್ಸಿಂದ ಹೋಗೋದೇ ಇಲ್ಲ."

ಪಾಸ್ಟರು ಕಪ್ಪು ಕೈಯನ್ನು ಬಟ್ಟೆಗೆ ಒರೆಸಿಕೊಂಡರು. "ಅಣ್ಣಾ, ನಿಮ್ಮ ಬದಲು ನಾನು ಹೌದು ಅನ್ನೋಕಾಗಲ್ಲ. ಪ್ರಾರ್ಥನೆ ಮಾಡ್ತೀನಿ. ಭಾನುವಾರದವರೆಗೂ ಸಮಯ ಇದೆಯಲ್ಲ."

ಶನಿವಾರ ಮಧ್ಯಾಹ್ನ ಪುಟ್ಟಿ ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಅವನ ಊಟದ ಡಬ್ಬಿ ಕೊಡಲು ಅಂಗಡಿಗೆ ಬಂದಳು. ಬೀಗದಣ್ಣ ಮೆಷಿನ್ನು ನಿಲ್ಲಿಸಿ ಹೇಳಿಬಿಟ್ಟ.

"ನಾಳೆ ಅಮ್ಮನೇ ನಿನ್ನ ಜೊತೆ ನಿಲ್ಲಲಿ, ಪುಟ್ಟಿ."

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಯಾಕೆ?"

"ಪಾಸ್ಟರು ಕೇಳ್ತಾರಲ್ಲ ಆ ಪ್ರಶ್ನೆ. ನನಗೆ ಹೌದು ಅನ್ನೋಕಾಗಲ್ಲ. ಆಸೆ ಇದೆ, ಗೊತ್ತಿಲ್ಲ. ನಿಮ್ಮಮ್ಮನಿಗೆ ಗೊತ್ತು. ನಿನಗೂ ಗೊತ್ತು ಅನ್ಸುತ್ತೆ. ಅದು ಹೇಗೆ ಗೊತ್ತಾಗುತ್ತೆ ನಿಮಗೆಲ್ಲ, ನನಗೆ ಅದೇ ಗೊತ್ತಿಲ್ಲ."

ಪುಟ್ಟಿ ಗಿರಾಕಿಗಳ ಸ್ಟೂಲು ಎಳೆದುಕೊಂಡು ಕೂತಳು. ಅಪ್ಪನ ಮುಖವನ್ನು ನೋಡಿದಳು. ಆಮೇಲೆ, ಅವನು ನಿರೀಕ್ಷಿಸದ ಹಾಗೆ, ನಕ್ಕಳು.

"ಅಪ್ಪ, ನಾನು ಬಂದ ಹೊಸದ್ರಲ್ಲಿ ಮನೆ ಬಾಗಿಲು ತಟ್ತಿದ್ದೆ, ನೆನಪಿದ್ಯಾ?"

ನೆನಪಿಲ್ಲದೆ ಏನು? ಅವಳನ್ನು ಕರೆತಂದ ದಿನವೇ ಅವನು ಮನೆಯ ಬೀಗಕ್ಕೆ ಅವಳದೇ ಒಂದು ಕೀಲಿಕೈ ಕೊರೆದು, ದಾರ ಪೋಣಿಸಿ ಕೊರಳಿಗೆ ಹಾಕಿದ್ದ. ಆದರೆ ಆ ಹುಡುಗಿ ಶಾಲೆಯಿಂದ ಬಂದು, ಕೀಲಿಕೈ ಕೊರಳಲ್ಲಿ ತೂಗುತ್ತಿರುವಾಗಲೇ ಬಾಗಿಲು ತಟ್ಟುತ್ತಿತ್ತು. ಅದೂ ಬೆರಳ ತುದಿಯಿಂದ. ಯಾರೂ ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತು ಕಾಯುತ್ತಿತ್ತು. ಬೆಳಗ್ಗೆ ಹೊರಡುವಾಗ, "ಸಂಜೆ ಇಲ್ಲಿಗೇ ಬರ್ಲಾ?" ಎಂದು ಕೇಳಿಯೇ ಹೋಗುತ್ತಿತ್ತು. ಇಲ್ಲಿಗೇ ಬಾ ಎಂದು ಅವನು ದಿನವೂ ಹೇಳುತ್ತಿದ್ದ. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುತ್ತದಲ್ಲ ಈ ಮಗು, ನಾವೇನು ಕಡಿಮೆ ಮಾಡಿದೆವು ಎಂದು ಹೆಂಡತಿ ಎಷ್ಟೋ ಸಲ ಕಣ್ಣೀರು ಹಾಕಿದ್ದಳು.

"ಆಮೇಲೆ ಯಾವಾಗ್ಲೋ ನಿಲ್ಲಿಸ್ದೆ" ಎಂದ ಬೀಗದಣ್ಣ. "ಅಭ್ಯಾಸ ಆಯ್ತು ಅನ್ಕೊಂಡ್ವಿ."

"ಅಭ್ಯಾಸ ಅಲ್ಲ. ನಾನು ಕೀ ಕಳ್ಕೊಂಡ ದಿನ ನಿಲ್ಸಿದ್ದು."

ಅವನ ಮುಖ ಸುಟ್ಟಂತಾಯಿತು. "ಆ ದಿನದ ಮಾತು ಬೇಡ ಪುಟ್ಟಿ. ಅವತ್ತು ನಾನು ಮನುಷ್ಯನಾಗಿರ್ಲಿಲ್ಲ."

"ನೀವು ಅಂಗಡೀಲಿ ಕೂತಿದ್ರಿ. ನಾನು ಬಂದು ಕೀ ಕಳೆದೋಯ್ತು ಅಂದೆ. ನೀವು ಶುರು ಮಾಡಿದ್ರಿ ನೋಡಿ! ಬೀಗದವನ ಮನೆ ಕೀನೇ ಕಳೀತಾರಾ, ಊರಿನವರ ಕೀ ಎಲ್ಲ ನನ್ನ ಹತ್ರ, ನನ್ನ ಮನೆ ಕೀ ಯಾರ ಹತ್ರ, ಅಂತ." ಪುಟ್ಟಿ ಅವನ ದನಿಯನ್ನೇ ಅಣಕಿಸಿದಳು. "ಮನೆ ಬಾಗಿಲು ತೆರೆದಿತ್ತು, ನಾನು ಮೇಲೆ ಹೋಗಿ ಬ್ಯಾಗ್ ಕಟ್ಕೊಂಡು ಬಂದೆ."

"ಏನು?"

"ಬ್ಯಾಗ್. ಎರಡು ಫ್ರಾಕು, ಹಲ್ಲುಜ್ಜೋ ಬ್ರಷ್ಷು. ಅಮ್ಮ ಹೊಲಿದು ಕೊಟ್ಟ ದಿಂಬಿನ ಚೀಲ ತಗೊಂಡು ಹೋಗ್ಬಹುದೋ ಇಲ್ವೋ ಗೊತ್ತಾಗ್ದೆ ಅಲ್ಲೇ ಬಿಟ್ಟೆ. ಕೆಳಗೆ ಬಂದು, ಅದೋ, ಆ ಕೊನೇ ಮೆಟ್ಟಿಲ ಮೇಲೆ, ಬ್ಯಾಗನ್ನ ಬೆನ್ನ ಹಿಂದೆ ಇಟ್ಕೊಂಡು ಕೂತಿದ್ದೆ. ನೀವು ಎದ್ದು ಬಂದು ಹೋಗು ಅಂತೀರಿ, ಹೋಗೋದು ಅಂತ."

ಆ ಬ್ಯಾಗನ್ನು ಅವನು ನೋಡಿಯೇ ಇರಲಿಲ್ಲ. ಇಷ್ಟು ವರ್ಷ ಅವನು ಪಶ್ಚಾತ್ತಾಪಪಟ್ಟದ್ದು ಬರೀ ಬೈಗುಳಕ್ಕೆ. ಒಂದು ಮಗು ತನ್ನ ಕಾಲ ಬಳಿಯೇ ಮನೆ ಬಿಡಲು ಸಿದ್ಧವಾಗಿ ಕೂತಿತ್ತೆಂದು ತಿಳಿದಿದ್ದರೆ ಅವನು ಏನಾಗುತ್ತಿದ್ದನೋ. ಕಣ್ಣು ತುಂಬಿ ಬಂತು.

"ಅಳ್ಬೇಡಿ, ಮುಂದೆ ಕೇಳಿ" ಎಂದಳು ಪುಟ್ಟಿ. "ಕೂತ್ಕೊಂಡು ನೋಡ್ತೀನಿ, ನೀವು ಬೈತಾನೇ ಇದೀರಿ, ಆದ್ರೆ ನಿಮ್ಮ ಕೈ ಬೇರೆ ಏನೋ ಮಾಡ್ತಿದೆ. ಗೋಡೆಯಿಂದ ಒಂದು ಹಿತ್ತಾಳೆ ತುಂಡು ತಗೊಂಡ್ರಿ. ನಿಮ್ಮ ಜೇಬಿನ ಕೀ ತೆಗೆದು ಮೆಷಿನ್ನಿಗೆ ಹಾಕಿದ್ರಿ. ಆ ಸದ್ದಿಗೆ ನಿಮ್ಮ ಬೈಗುಳ ಅರ್ಧ ಕೇಳಿಸ್ತಾನೇ ಇರ್ಲಿಲ್ಲ. ಆಮೇಲೆ ಅರ ತಗೊಂಡು ಅಂಚು ಉಜ್ಜಿದ್ರಿ, ಚುಚ್ಚಬಾರ್ದು ಅಂತ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದ್ರಿ. ಬೈಗುಳ ಮುಗಿಯೋ ಮೊದಲೇ ಹೊಸ ಕೀ ರೆಡಿ. ದಾರ ಪೋಣಿಸಿ ನನ್ನ ಕೊರಳಿಗೆ ಹಾಕಿ, ಹೋಗು, ಕೈಕಾಲು ತೊಳ್ಕೊಂಡು ಏನಾದ್ರೂ ತಿನ್ನು ಅಂದ್ರಿ. ಅಷ್ಟೇ."

"ಕೀ ಕಳೆದೋದ್ರೆ ಇನ್ನೊಂದು ಮಾಡ್ಬೇಕಲ್ಲ" ಎಂದ ಬೀಗದಣ್ಣ, ಕಣ್ಣೊರೆಸಿಕೊಳ್ಳುತ್ತಾ. "ಇನ್ನೇನು ಮಾಡ್ತಾರೆ?"

"ನಿಮಗೆ ಅದು ಏನೂ ಅಲ್ಲ. ಹೊರಗೆ ಹಾಕೋರು ಯಾರಾದ್ರೂ ಕೀ ಮಾಡ್ಕೊಡ್ತಾರಾ ಅಪ್ಪ? ನಾನು ಬ್ಯಾಗ್ ಎತ್ಕೊಂಡು ಮೇಲೆ ಹೋಗಿ, ಫ್ರಾಕು ತೆಗೆದಿಟ್ಟೆ. ಮಾರನೇ ದಿನದಿಂದ ತಟ್ಟಲಿಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಇನ್ನೂ ಮುಗಿಸಿರಲಿಲ್ಲ.

"ನಾನು ಒಳ್ಳೆ ಹುಡುಗಿ ಆದೆ, ಅದಕ್ಕೇ ಇಟ್ಕೋತಾರೆ ಅಂತ ಗೊತ್ತಾಗಿದ್ದಲ್ಲ ಅದು. ಕೀ ಕಳೆದಿದ್ದು ನಾನೇ, ತಪ್ಪು ಮಾಡಿದ ದಿನಾನೇ ಗೊತ್ತಾಗಿದ್ದು. ನನ್ನನ್ನ ನಾನು ನೋಡ್ಕೊಂಡಿದ್ರೆ ಇವತ್ತಿಗೂ ಬ್ಯಾಗ್ ಕಟ್ಟಿಟ್ಕೊಂಡೇ ಇರ್ತಿದ್ದೆ. ನಿಮ್ಮ ಕೈ ನೋಡಿದೆ, ಅಷ್ಟೇ." ಅವಳು ಗಡಿಯಾರ ನೋಡಿ ಎದ್ದಳು. "ಊಟ ಮಾಡಿ, ಆರಿಹೋಗುತ್ತೆ. ನಾಳೆ ನೀವು ನಿಲ್ದೇ ಇದ್ರೆ ನಾನು ನೀರಿಗೆ ಇಳಿಯಲ್ಲ, ನೋಡಿ ಮತ್ತೆ."

ಅವಳು ಹೋದಳು. ಬೀಗದಣ್ಣ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಕೂತ. ಯಾವ ದಿನವನ್ನು ಅವನು ತಾನು ರಕ್ಷಣೆ ಇಲ್ಲದವನು ಎಂಬುದಕ್ಕೆ ಸಾಕ್ಷಿಯಾಗಿ ಇಷ್ಟು ವರ್ಷ ಹೊತ್ತು ತಿರುಗಿದ್ದನೋ, ಅದೇ ದಿನ ಮಗಳಿಗೆ ಮನೆ ಸಿಕ್ಕಿತ್ತು. ಅವಳು ಅಪ್ಪನ ಕೈ ನೋಡಿದ್ದಳು. ತಾನು? ತಾನು ನೋಡಿದ್ದು ಯಾವಾಗಲೂ ತನ್ನ ಬಾಯಿಯನ್ನೇ. ಇಂದು ಬೈದೆನೇ, ನಿನ್ನೆಗಿಂತ ಕಡಿಮೆ ಬೈದೆನೇ, ಅಳುವಾಗ ಸಾಕಷ್ಟು ಅತ್ತೆನೇ, ಮುಳುಗುವಾಗ ಸರಿಯಾಗಿ ನೆನೆದೆನೇ. ಎಷ್ಟೋ ವರ್ಷದಿಂದ ಸಭೆಗೆ ಹೋಗುತ್ತಿದ್ದಾನೆ, ಶಿಲುಬೆಯ ಮೊಳೆಗಳಿಂದ ಗಾಯಗೊಂಡ ಯೇಸುವಿನ ಕೈಗಳ ವಿಷಯ ಎಷ್ಟೋ ಸಲ ಕೇಳಿದ್ದಾನೆ, ಹಾಡಿದ್ದಾನೆ. ತನ್ನಿಂದ ಕಣ್ಣು ತೆಗೆದು ಆ ಕೈಗಳನ್ನು ಒಂದು ಸಲವಾದರೂ ನೋಡಿದ್ದನೇ? ತಾನು ಕೆಟ್ಟವನಾಗಿದ್ದಾಗಲೇ, ತಾನಿನ್ನೂ ಹುಟ್ಟುವ ಎಷ್ಟೋ ಮುಂಚೆಯೇ, ಆ ಕೈಗಳು ತನಗಾಗಿ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದ್ದವು. ಹೊರಗೆ ಹಾಕುವವನು ಯಾರಾದರೂ ಅಷ್ಟು ಮಾಡುತ್ತಾನೆಯೇ?

"ಅಯ್ಯೋ ದೇವರೇ" ಎಂದ ಬೀಗದಣ್ಣ ಗಟ್ಟಿಯಾಗಿ. "ನಾನು ನಿನ್ನ ಮನೆಯೊಳಗೇ ಇದ್ದೆನಲ್ಲಪ್ಪಾ!"

ಆಗ ಬಂದ ಸಂತೋಷ ಸಣ್ಣದಲ್ಲ. ಹೊಟ್ಟೆಯಿಂದ ಎದ್ದು, ಗಂಟಲಲ್ಲಿ ನಗುವಾಗಿ, ಕಣ್ಣಲ್ಲಿ ನೀರಾಗಿ ಬಂತು. ಅದೇ ಹೊತ್ತಿಗೆ ಅಡುಗೆ ಎಣ್ಣೆ ಸುರಿದ ಬೀಗವೊಂದನ್ನು ಹಿಡಿದು ಬೈಸಿಕೊಳ್ಳಲು ಸಿದ್ಧನಾಗಿ ಬಂದ ಗಿರಾಕಿ, ಅಂಗಡಿಯವನು ಒಬ್ಬನೇ ಕೂತು ಅಳುತ್ತಾ ನಗುತ್ತಿರುವುದನ್ನು ನೋಡಿ, ನಾಳೆ ಬರುತ್ತೇನೆ ಎಂದು ಹಿಂದಕ್ಕೆ ಹೆಜ್ಜೆ ಇಟ್ಟ. ಬೀಗದಣ್ಣ ಅವನನ್ನು ಬಿಡದೆ ಕರೆದು, ಬೀಗ ಬಿಚ್ಚಿ ತೊಳೆದು ಕೊ‌ಟ್ಟು, ಏನೂ ತೆಗೆದುಕೊಳ್ಳದೆ ಕಳುಹಿಸಿದ. ಸಂಜೆ ಹೆಂಡತಿಗೆ ಹೇಳಿದಾಗ ಆಕೆ ಕೈಯಲ್ಲಿದ್ದ ಪರದೆಯನ್ನು ಕೆಳಗಿಟ್ಟಳು. "ಇದನ್ನೇ ನಾನು ಮದುವೆ ಆದಾಗಿಂದ ಬಡ್ಕೋತಿದೀನಿ. ಮಗಳು ಹೇಳಿದ್ರೆ ತಲೆಗೆ ಹೋಗುತ್ತೆ, ಅಲ್ವಾ?" ಎಂದಳು. ಮೂಗು ಮಾತ್ರ ಕೆಂಪಗಾಗಿತ್ತು.

ಇಲ್ಲಿಗೆ ಕತೆ ಮುಗಿಯಬಹುದಿತ್ತು. ಆದರೆ ಶನಿವಾರದ ಸಂತೋಷ ಎಷ್ಟು ಗಟ್ಟಿ ಎನ್ನುವುದು ಭಾನುವಾರಕ್ಕಲ್ಲವೇ ತಿಳಿಯುವುದು.

ಸಭೆ ಸೇರುತ್ತಿದ್ದುದು ಪೀಠೋಪಕರಣದ ಅಂಗಡಿಯೊಂದರ ಹಿಂದಿನ ಉದ್ದನೆಯ ಹಾಲಿನಲ್ಲಿ. ವೇದಿಕೆಯ ಹಲಗೆಗಳನ್ನು ಎತ್ತಿಟ್ಟರೆ ಕೆಳಗೆ ದೀಕ್ಷಾಸ್ನಾನದ ತೊಟ್ಟಿ. ಅಂದು ಬೆಳಗ್ಗೆ ಹಲಗೆ ಎತ್ತಿ ಬೆಚ್ಚಗಿನ ನೀರು ತುಂಬಿಸಿದ್ದರು. ನೀರಿಗೆ ಇಳಿಯುವವರು ಹಾಕಿಕೊಳ್ಳುವ ಬಿಳಿ ನಿಲುವಂಗಿಗಳೂ ಟವೆಲ್ಲುಗಳೂ ಮೂಲೆಯ ಬೀರುವಿನಲ್ಲಿ ಇರುತ್ತಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕರನ್ನು ಎಲ್ಲರೂ ಟವೆಲ್ ತಾತ ಎನ್ನುತ್ತಿದ್ದರು. ತಾತ ಅಂದು ಅವಸರದಲ್ಲಿ ಬೇರೆ ಯಾವುದೋ ಕೀಲಿಕೈ ತೂರಿಸಿ, ತಿರುಗದಿದ್ದಾಗ ಸುತ್ತಿಗೆ ತಂದು ಹೊಡೆದು, ಅದನ್ನು ಬೀಗದೊಳಗೇ ಮುರಿದಿದ್ದರು. ಬೀಗದಣ್ಣನನ್ನು ಕರೆದರು. ಬೀಗದ ಬಾಯಿ ಜಜ್ಜಿಹೋಗಿದ್ದುದನ್ನು ಕಂಡದ್ದೇ ತಡ, ಯೋಚಿಸುವ ಮೊದಲೇ ಹಳೆಯ ಬಾಯಿ ತೆರೆದುಕೊಂಡಿತು.

"ಯಾವ ಕೀ ಅಂತ ಗೊತ್ತಿಲ್ದಿದ್ರೆ ಕೇಳ್ಬೇಕು! ಗೂಟ ಹೊಡೆದ ಹಾಗೆ ಹೊಡೆದಿದೀರಲ್ಲ, ಬೀಗ ಅಂದ್ರೆ ಏನು ಅಂದ್ಕೊಂಡಿದೀರಿ? ತಲೇಲಿ ಬುದ್ಧಿ ಇದ್ಯೋ, ಬರೀ ಟವೆಲ್ಲೇ ತುಂಬಿದ್ಯೋ?"

ಗ್ರಹಚಾರಕ್ಕೆ, ಹಾಡಿಗೆ ನುಡಿಸುತ್ತಿದ್ದ ಪಿಯಾನೋ ಅದೇ ಕ್ಷಣಕ್ಕೆ ನಿಂತಿತ್ತು. ಹಾಲಿನ ಕೊನೆಯ ಬೆಂಚಿನವರೆಗೂ ಪ್ರತಿಯೊಂದು ಪದವೂ ಕೇಳಿಸಿತು. ತಾತನ ತುಟಿ ಅದುರಿತು. "ಮಗೂಗೆ ತಡ ಆಗ್ಬಾರ್ದು ಅಂತ ಅವಸರ ಮಾಡ್ದೆ ಕಣಪ್ಪಾ."

ಬೀಗದಣ್ಣ ನಿಂತಲ್ಲೇ ಕುಗ್ಗಿಹೋದ. ತಾತನ ಎರಡೂ ಕೈ ಹಿಡಿದುಕೊಂಡ. "ತಪ್ಪಾಯ್ತು ತಾತ. ಕ್ಷಮಿಸ್ಬಿಡಿ. ನನ್ನ ಬಾಯಿ ಕೆಟ್ಟದ್ದು."

"ಅದು ಊರಿಗೇ ಗೊತ್ತಿರೋ ವಿಷ್ಯ" ಎಂದರು ತಾತ, ಮೂಗು ಒರೆಸಿಕೊಂಡು. "ಮೊದ್ಲು ಬೀರು ತೆಗಿ."

ಬೀರು ತೆರೆಯಿತು, ಪುಟ್ಟಿ ನಿಲುವಂಗಿ ಹಾಕಿಕೊಂಡು ಬಂದಳು, ಹಾಡು ಮುಗಿಯಿತು. ಬೀಗದಣ್ಣ ಅವಳ ಕೈ ಹಿಡಿದು ಎಲ್ಲರ ನಡುವೆ ನಡೆದ. ಪ್ರತಿ ಬೆಂಚಿನಿಂದಲೂ ಕಣ್ಣುಗಳು ಅವನ ಮೇಲಿದ್ದವು. ಈಗಷ್ಟೇ ಮುದುಕನಿಗೆ ಬೈದವನು, ಈಗ ಏನು ಹೇಳುತ್ತಾನೆ? ಅವನೂ ಅದನ್ನೇ ಕಾಯುತ್ತಿದ್ದ. ಹಳೆಯ ಭಯ ಇನ್ನೇನು ಬಂತು, ಎದೆಯ ಮೇಲೆ ಕೂತಿತು, ನಿನ್ನೆಯದೆಲ್ಲ ಬರೀ ಮಾತು ಎಂದಿತು ಎಂದುಕೊಂಡು ಹೆಜ್ಜೆ ಹಾಕಿದ. ನಾಚಿಕೆ ಬಂತು. ತಾತನ ಅದುರಿದ ತುಟಿ ನೆನಪಾಗಿ ದುಃಖವೂ ಬಂತು. ಭಯ ಬರಲಿಲ್ಲ. ತೊಟ್ಟಿಯ ಅಂಚಿನವರೆಗೂ ಕಾದ, ಬರಲೇ ಇಲ್ಲ.

ಪಾಸ್ಟರು ಆಗಲೇ ಸೊಂಟದವರೆಗೆ ನೀರಿನಲ್ಲಿದ್ದರು. ಬೈಗುಳ ಅವರಿಗೂ ಕೇಳಿಸಿತ್ತು. ಅವನ ಮೇಲಿನ ಕನಿಕರಕ್ಕೆ ಅವರ ದನಿಯೇ ಸಣ್ಣಗಾಗಿತ್ತು. "ನೀನು ಕ್ರಿಸ್ತನವನು, ನಿನಗೆ ರಕ್ಷಣೆ ಆಗಿದೆ ಎಂದು ನಿನಗೆ ಗೊತ್ತೋ?" ಎಂದು ಕೇಳಿ, ಬಹಳ ಹೊತ್ತು ಕಾಯಬೇಕಾಗುತ್ತದೆಂದು ನೀರಿನಲ್ಲಿ ಕಾಲು ಸರಿಮಾಡಿಕೊಂಡರು.

"ಹೌದು" ಎಂದ ಬೀಗದಣ್ಣ.

ಪಾಸ್ಟರು ಮುಂದಿನ ಮಾತನ್ನು ಮರೆತು ಬಾಯಿ ತೆರೆದು ನಿಂತರು. ಕೊನೆಗೆ, ಪದ್ಧತಿಯಲ್ಲಿ ಇಲ್ಲದಿದ್ದರೂ, "ಏನಂದ್ರಿ?" ಎಂದರು.

ಮುಂದಿನ ಬೆಂಚಿನಿಂದ ಅವನ ಹೆಂಡತಿ ಎದ್ದಳು. "ಹೌದು ಅಂದ್ರು ಅಯ್ಯನವರೇ. ಮುಂದಕ್ಕೆ ನಡೆಸಿ, ನೀರು ತಣ್ಣಗಾಗ್ತಿದೆ."

ಹಾಲಿಗೆ ಹಾಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಟವೆಲ್ ತಾತ. ಬೀಗದಣ್ಣ ಚಪ್ಪಲಿ ಬಿಚ್ಚಿ ಮಗಳ ಜೊತೆ ತೊಟ್ಟಿಯ ಮೆಟ್ಟಿಲು ಇಳಿದ. ಅವಳ ಒಂದು ತೋಳು ಅವನ ಕೈಯಲ್ಲಿ, ಇನ್ನೊಂದು ಪಾಸ್ಟರ ಕೈಯಲ್ಲಿ. ಅವಳ ತಲೆಯ ಹಿಂದಿನಿಂದ ಪಾಸ್ಟರು ಅವನತ್ತ ಬಾಗಿ, ಬೇರೆ ಯಾರಿಗೂ ಕೇಳಿಸದಂತೆ, "ಅಣ್ಣಾ, ಇವತ್ತೂನಾ? ಆ ಬೈಗುಳ ಆದ್ಮೇಲೂನಾ?" ಎಂದರು. ಆ ಮನುಷ್ಯನ ಕಣ್ಣಲ್ಲಿ ನೀರಿತ್ತು.

"ಬೈದ ಮೇಲೇ ಗಟ್ಟಿಯಾಗಿ ಗೊತ್ತಾಯ್ತು ಅಯ್ಯನವರೇ" ಎಂದ ಬೀಗದಣ್ಣ. "ಕರ್ತನು ನನ್ನ ಬಿಟ್ಟಿಲ್ಲ."

ಇಬ್ಬರೂ ಸೇರಿ ಪುಟ್ಟಿಯನ್ನು ನೀರಿನಲ್ಲಿ ಮುಳುಗಿಸಿ ಎತ್ತಿದರು. ಅವಳು ಮುಖದ ಮೇಲಿನ ನೀರು ಸವರಿಕೊಂಡು ಮೊದಲು ನೋಡಿದ್ದು ಅಪ್ಪನನ್ನು. ಅವನು ಎದೆಯವರೆಗೆ ನೆನೆದು, ಅವಳನ್ನು ನೋಡಿ ನಗುತ್ತಿದ್ದ.